ಬಾಡ್ಮಿನ್ನಿನ ಹಲ್ಲಿನ ಡಾಕ್ಟರು

ಗುಬ್ಬಿ ಕಾಳು ಹೆಕ್ಕಿದಷ್ಟು ಹಗುರವಾಗಿ
ಸೋಮವಾರ ನನ್ನ ದವಡೆಹಲ್ಲು ಕಿತ್ತ ಕೈ
ಶನಿವಾರ ಹಿತ್ತಿಲ ಶೆಡ್ಡಿನಲ್ಲಿ, ಅಡಿಗಲ್ಲ ಮೇಲೆ
ಠಣ್ಣೆಂದು ಎರಗುತ್ತದೆ. ಮೊರ್ವೆನ್ನಾ,
ಹುಬ್ಬು ಸುಟ್ಟಿದೆಯಲ್ಲ!

"ಕೆಂಪು ಸಾಲದು ಕಣ್ರೀ, ಕಿತ್ತಳೆಗೆ ಬರಬೇಕು,
ಈಗ ನೋಡಿ, ಈಗ—"
ಮಾತು ಅಲ್ಲೇ ಬಿಟ್ಟು ಬಡಿಯುತ್ತಾಳೆ.
ಹದ ಯಾರಿಗೂ ಕಾಯುವುದಿಲ್ಲ.

ಕೋಟು ನೇತುಹಾಕುವ ಕೊಕ್ಕೆ, ಹನ್ನೆರಡು ಪೌಂಡು.
ಕಲ್ಲಿದ್ದಲಿಗೆ ಒಂಬತ್ತು ಹೋಯಿತು. ಉಳಿದ ಮೂರನ್ನು
ಬಿಸ್ಕತ್ತಿನ ಡಬ್ಬಿಗೆ ಹಾಕಿ, ಅಲ್ಲಾಡಿಸಿ ಕೇಳುತ್ತಾಳೆ;
ಹಲ್ಲಿಗೆ ಇನ್ನೂರು ಎಣಿಸುವಾಗ ಕಾಣದ ನಗು.

ಒಂದರ ಕತ್ತಿನಲ್ಲಿ ಸುತ್ತಿಗೆ ತಪ್ಪಿದ ಗುರುತು.
"ಅದು ಬೇಡ, ಕೆಟ್ಟಿದೆ" ಎಂದಳು.
ಅದನ್ನೇ ತಂದೆ.

ಕೋಟು ತೆಗೆಯುವಾಗೆಲ್ಲ ಹೆಬ್ಬೆರಳು,
ಹಲ್ಲು ಹೋದಲ್ಲಿಗೆ ನಾಲಿಗೆ ಹೋಗುವ ಹಾಗೆ,
ಆ ತಗ್ಗಿಗೆ ಹೋಗುತ್ತದೆ.