ಕೈಗಡ

ದಾಲ್ ಮಿಲ್ಲಿನ ಹೊಟ್ಟು ಕೊಡವಿ
ಅಂಗಿ ಹೊರಗ ಬಿಚ್ಚಿಟ್ಟು ಒಳಗ ಬರ್ತಾನ ಭೀಮಶಾ, ಈಗ.
ಹೋದ ವರ್ಷ ಬಿಚ್ಚತಿದ್ದಿಲ್ಲ.
ಹೋದ ವರ್ಷ ನಮಗ ಭಾಳ ಗೊತ್ತಿದ್ದಿಲ್ಲ.

ನೆಗಡಿ ಅಂದ್ರ ನೆಗಡಿ,
ಅಜವಾನ ಬಟ್ಟ್ಯಾಗ ಕಟ್ಟಿ
ತವಾದ ಮ್ಯಾಲ ಬೆಚ್ಚಗ ಮಾಡಿ ಎದಿಗಿಟ್ರ ಇಳಿತದ
ಅಂತ ತಿಳದಿದ್ವಿ.
ಮೂರನೇ ರಾತ್ರಿ ಕೂಸಿನ ಪಕ್ಕಿ ಒಳಗೊಳಗ ಎಳದು
ಮೂಗಿನ ಹೊಳ್ಳಿ ಅರಳಿ ಅರಳಿ
ಮಲಿ ಬಾಯಾಗಿಟ್ರೂ ಹೀರಲಾರದ
ನನ್ನ ಮಾರಿ ನೋಡತಿತ್ತು.
ಶಹಾಬಜಾರದಿಂದ ದವಾಖಾನಿ ತನಕ
ಆಟೋ ಎಷ್ಟು ಸಲ ಎತ್ತಿ ಹಾಕ್ತು, ನನಗ ಈಗಲೂ ಬಾಯಿಪಾಠ.
ಹನ್ನೊಂದು ದಿನ ಗಾಜಿನ ಆ ಕಡಿ.
ಹನ್ನೆರಡನೇ ದಿನದ ಮಾತು ಬ್ಯಾಡ.

“ಸಾಲಿಯಿಂದ ಈಕಿನೇ ತಂದಾಳ ರೋಗ”
ಅಂದ್ಳು ನಾದಿನಿ, ಜ್ವಾಳ ಹಸನ ಮಾಡಕೋತ.
ಕೆಟ್ಟಾಕಿ ಅಲ್ಲ ಆಕಿ. ಬ್ಯಾರೆ ಮಾತು ಸಿಗಲಾರದ ಅಂದಿದ್ದು.
ಬಾಗಿಲ ಹಿಂದ ನಿಂತಿದ್ದಳು ಭಾಗ್ಯವಂತಿ,
ಎರಡನೇತ್ತಿನ ಪೋರಿ,
ಮಗ್ಗಿ ಪುಸ್ತಕ ಕೈಯಾಗ.
ನಾನು ಅಲ್ಲ ಅನ್ನಬೇಕಿತ್ತು.
ಅನ್ನಲಿಲ್ಲ.

ಈ ಸಲದ ಕೂಸು
ದಿನ ತುಂಬೂದ್ರಾಗ ಅವಸರ ಮಾಡಿ ಬಂದದ, ಕಾರ್ತಿಕದಾಗ.
ಆಕಿ ಹೊಸ್ತಿಲ ದಾಟೂದಿಲ್ಲ.
ಅಲ್ಲೇ ಕುಂತು, ಸಾಲಿ ಅಂಗಿ ಕಾಲರು ಮೂಗಿನ ತನಕ ಜಗ್ಗಿ
ತಮ್ಮನ ಹೊಟ್ಟಿ ಏರೂದು ಇಳಿಯೂದು ಎಣಸತಾಳ.
ಮಗ್ಗಿ ಬರೂದಿಲ್ಲ ಅಂತ ಮಾಸ್ತರು ಬೈತಾರ;
“ಮಿನಿಟಿಗಿ ನಲವತ್ತೆರಡು, ಅವ್ವಾ”
ಅಂತ ನಿದ್ದಿಗಣ್ಣಾಗೂ ಹೇಳತಾಳ ನನಗ.

“ಇದು ಲಸಿಕಿ ಅಲ್ಲ, ತಾಯಿ” ಅಂದ್ರು ತಹಸೀನಾ ಡಾಕ್ಟರಮ್ಮ.
“ಲಸಿಕಿ ಮೈಗಿ ಜಗಳಾಡೂದು ಕಲಸತದ.
ಕಲಿಲಾಕ ಈ ಕೂಸಿಗಿ ಪುರಸೊತ್ತಿಲ್ಲ.
ಕಲತು ಬಂದದ್ದನ್ನೇ ನೇರ ಒಳಗ ಬಿಡತೀವಿ.
ಐದು ತಿಂಗಳು ಕಾಯತದ, ಆಮ್ಯಾಲ ಕರಗತದ.
ನೆಗಡಿನೇ ಬರೂದಿಲ್ಲ ಅಂತ ಹೇಳೂದಿಲ್ಲ ನಾ.
ಗಾಜಿನ ಆ ಕಡಿ ಹೋಗೂದು ಭಾಳ ಕಡಿಮಿ ಆಗತದ.”

ನಾ ಅದನ್ನ ಅಡಗಿಮನಿಗಿ ತಂದು ತಿಳಕೊಂಡೆ:
ಲಸಿಕಿ ಅಂದ್ರ ಹೆಪ್ಪು.
ಒಂದು ಚಮಚ ಯಾರರೆ ಕೊಟ್ರ ಸಾಕು,
ಮುಂದ ದಿನಾ ನಿನ್ನ ಹಾಲಿಗಿ ನೀನೇ ಹಾಕ್ಕೋಬಹುದು.
ಇದು ಹಂಗಲ್ಲ. ಇದು ಬಾಜೂ ಮನಿಯಿಂದ
ಬಟ್ಟಲ ತುಂಬ ಬಂದ ಮೊಸರು,
ಉಣ್ಣೂತನ ಉಂಟು.
ಕೈಗಡ.
ಖರೆ, ಹಾಲೇ ಇಲ್ಲದ ದಿನ
ಹೆಪ್ಪು ತಗೊಂಡು ಏನ್ ಮಾಡಲಿ?

ಯಾರ ಮನಿ ಬಟ್ಟಲೋ.
ಯಾವ ಊರಾಗ ಕುಂತು ಯಾರು ಮಾಡಿದ್ರೋ,
ಅವರಿಗೂ ಇಂಥದೊಂದು ಆಟೋ ರಾತ್ರಿ ಇತ್ತೋ ಇಲ್ಲೋ.
ನಮ್ಮ ಓಣ್ಯಾಗ ಬಟ್ಟಲ ಖಾಲಿ ತಿರುಗಿ ಕೊಡೂದಿಲ್ಲ,
ಚಿಟಿಕಿ ಸಕ್ಕರಿಯರೆ ಹಾಕಿ ಕೊಡತೀವಿ.
ಎಲ್ಲಿಗಿ ಒಯ್ಯಲಿ?

ಬೆಲಿ ಕೇಳಿ ಭೀಮಶಾ ಸುಮ್ಮನಾದ.
ತೊಟ್ಟಿಲ ಕಾರ್ಯಕ್ಕಂತ ಹಾಕಿದ ಚೀಟಿ ಎತ್ತಿದ.
ಹೆಸರು ಹಿಂದಿಂದ ಇಡೂಣು, ಅಂದ.

ತೊಡಿಗಿ ಸೂಜಿ.
ಕೂಸು ಚೀರಿದ ದನಿಗಿ
ಹೊರಗ ಬೆಂಚಿನ ಮ್ಯಾಲಿದ್ದ ಭಾಗ್ಯವಂತಿ ಎದ್ದು ನಿಂತಳು.
ನಾ ನಕ್ಕೆ. ಅಷ್ಟು ಜೋರ ಅಳಬೇಕಾದ್ರ
ಎದಿ ತುಂಬ ಗಾಳಿ ಬೇಕು.

ಮನಿಗಿ ಬಂದು ಆಕಿ
ಮೊಣಕೈ ತನಕ ಸಬಕಾರ ಹಚ್ಚಿ ಮೂರು ಸಲ ತೊಳಕೊಂಡಳು.
ಅಂಗಿ ಬದಲಿಸಿದಳು.
“ಐದು ತಿಂಗಳಂದ್ರ ಯುಗಾದಿ ತನಕ ಏನವ್ವಾ?”
ಯುಗಾದಿ ದಾಟತದ.
“ಆಮ್ಯಾಲ?”
ಆಮ್ಯಾಲ ಕಲಬುರಗಿ ಬಿಸಲು. ಅಷ್ಟರಾಗ ಅವ ಗಟ್ಟಿ ಆಗತಾನ.

ಹೊಸ್ತಿಲ ದಾಟಿದಳು. ತೊಡಿ ಮ್ಯಾಲ ಇಟ್ಟೆ.
ಕೈ ಮರತಿದ್ದಿಲ್ಲ,
ತಲಿ ಕೆಳಗ ಅಂಗೈ ತಾನೇ ಹೋಯ್ತು.
ಮಾರಿ ಮಾತ್ರ ಆ ಕಡಿ ತಿರುವಿ
ಗಲ್ಲ ಉಬ್ಬಿಸಿ, ತುಟಿ ಬಿಗದು
ಕುಂತಾಳ ಕುಂತಾಳ, ಕಣ್ಣಾಗ ನೀರು ಬರೂತನ.

ತಪ್ಪು ನಿಂದಲ್ಲ, ಅಂದೆ.
ಒಂದು ವರ್ಷ ತಡ ಆಗಿತ್ತು ಅನ್ನಲಾಕ.
ಉಸುರು ಬಿಡು, ಭಾಗ್ಯವಂತಿ.
ಬಿಡವ್ವಾ.