ಗೋಡೆಯ ಮೇಲೆ ಏಳು ಕಾಳು

ಐದೂ ಹತ್ತಕ್ಕೆ ಮೊಬೈಲು ಕೋಳಿಯಾಗುತ್ತದೆ.
ಅದರ ಕತ್ತು ಹಿಸುಕಿ,
ಪ್ರೀತಮನ ಹತ್ತನೇ ಕ್ಲಾಸಿನ ಸ್ವೆಟರು ಏರಿಸಿ,
ಒಂದು ಹಿಡಿ ಅವರೆಕಾಳು ಜೇಬಿಗೆ ಸುರಿದು
ಗೇಟಿನ ಚಿಲಕ ಸದ್ದಾಗದಂತೆ ಎತ್ತುತ್ತೇನೆ,
ನನ್ನ ಮನೆಯಿಂದಲೇ ನಾನು ಕಳ್ಳಿಯ ಹಾಗೆ.

ಡಾಕ್ಟರು ಹೇಳಿದ್ದು ಅರ್ಧ ಗಂಟೆ.
ಚೀಟಿಯಲ್ಲಿ ಬರೆದೂ ಕೊಟ್ಟರು,
ಮೆಡಿಕಲ್ಲಿನಲ್ಲಿ ಸಿಗುತ್ತದೆ ಎಂಬಂತೆ.
ನಲ್ಲಿ ನೀರಿಗೂ ಹಾಲಿನ ಬೂತಿಗೂ ನಡುವೆ,
ಟಿಫಿನ್ ಡಬ್ಬಿಗೂ ಎಂಟೂಕಾಲರ ಸಿಟಿ ಬಸ್ಸಿಗೂ ನಡುವೆ
ತಿಂಗಳಿಡೀ ಹುಡುಕಿದೆ,
ಸಾಸಿವೆಯಲ್ಲಿ ಬಿದ್ದ ಮೂಗುಬೊಟ್ಟು ಹುಡುಕುವ ಹಾಗೆ.
ಸಿಕ್ಕಿದ್ದು ಇಷ್ಟು: ಕತ್ತಲೆಯ ಬಾಲದ ತುಂಡು.

ಶೂ ನನ್ನದಲ್ಲ.
'ನಾಳೆಯಿಂದ ನಾನೂ ಬರ್ತೀನಿ' ಎಂದು ಧರ್ಮೇಶ ತಂದದ್ದು.
ಆ ನಾಳೆ ಡಬ್ಬದೊಳಗೇ ಮೂರು ತಿಂಗಳು ಮಲಗಿತ್ತು.
ನನಗೆ ಒಂದು ನಂಬರು ದೊಡ್ಡದು.
ಬೆರಳ ತುದಿಗೆ ನಿನ್ನೆಯ ಪೇಪರು ತುರುಕಿದೆ,
ಈಗ ಹೆಜ್ಜೆಗೊಮ್ಮೆ ಸುದ್ದಿ ಕಿರುಗುಟ್ಟುತ್ತದೆ.

ತಣ್ಣೀರುಹಳ್ಳದ ಈಚೆ ನಮ್ಮ ಬಡಾವಣೆ.
ಅರ್ಧ ಮನೆ, ಅರ್ಧ ಸೈಟು.
ಸೈಟಿನಲ್ಲಿ ಲಂಟಾನ, ಮರಳ ಗುಡ್ಡೆ, ಯಾರೋ ಬಿತ್ತಿದ ಜೋಳ,
'ಈ ಸ್ವತ್ತು ಮಾರಾಟಕ್ಕಿಲ್ಲ' ಎಂಬ ಬೋರ್ಡು
ಕೇಳದವರಿಗೂ ಹೇಳುತ್ತ ನಿಂತಿದೆ.
ಪಾರ್ಕು ಇದೆ, ನಕ್ಷೆಯಲ್ಲಿ.
ನೆಲದ ಮೇಲೆ ಒಂದು ಟ್ರಾನ್ಸ್‌ಫಾರ್ಮರು, ಎರಡು ಎಮ್ಮೆ.

ಇಟ್ಟಿಗೆ ರಾಶಿಯಿಂದ ನೀರಿನ ಟ್ಯಾಂಕಿನ ತನಕ,
ಅಲ್ಲಿ ಮೂರನೇ ಕ್ರಾಸಿನ ನಾಯಿಗಳಿಗೆ
ಆಫೀಸರುಗಳಿಗೆ ಕೊಡುವಷ್ಟೇ ಮರ್ಯಾದೆ ಕೊಟ್ಟು
ಮಂಜಿನಲ್ಲಿ ವಾಪಸು.
ಒಂದು ಸುತ್ತಿಗೆ ಒಂದು ಕಾಳು
ಜಬೀನಾಳ ಕಾಂಪೌಂಡಿನ ಮೇಲೆ.
ಏಳಾದರೆ ಮನೆ.
ಬಾಯಲ್ಲಿ ಎಣಿಸಿದರೆ ತಪ್ಪುತ್ತದೆ.
ದಿನವಿಡೀ ಸಬ್ ರಿಜಿಸ್ಟ್ರಾರ್ ಆಫೀಸಿನೆದುರು
ಬೇರೆಯವರ ಜಮೀನಿನ ಜೆರಾಕ್ಸ್ ಎಣಿಸಿ ಎಣಿಸಿ
ಬೆಳಗಿಗೆ ನನ್ನ ಹತ್ತಿರ ಸಂಖ್ಯೆ ಉಳಿದಿರುವುದಿಲ್ಲ.

ಅತ್ತೆ ಚೆನ್ನಾಜಮ್ಮನಿಗೆ ನಗು.
"ರುಬ್ಬಾಕೂ ಮಿಷಿನ್ನು, ಒಗಿಯಾಕೂ ಮಿಷಿನ್ನು,
ಆಮೇಲ್ ಬೀದೀಲಿ ದೆವ್ವ ಮೆಟ್ಟಿದಂಗೆ ಕೈ ಬೀಸೋದು!
ಗಾಣದೆತ್ತೂ ಸುತ್ತತದೆ ಕಣವ್ವ,
ಎಣ್ಣೆನಾರ ಬತ್ತದೆ."
ಬರುತ್ತದೆ ಅತ್ತೆ, ಇಲ್ಲೂ ಬರುತ್ತದೆ,
ಐದನೇ ಸುತ್ತಿಗೆ ಬೆನ್ನಹುರಿಯ ಗುಂಟ
ಸಣ್ಣಗೆ ಇಳಿಯುತ್ತದೆ.
ಅದನ್ನು ನಿಮಗೆ ತೋರಿಸುವುದು ಹೇಗೆ?

ಕಳೆದ ಸೋಮವಾರ
ಮೀನಖಂಡ ಮರಗಟ್ಟಿತ್ತು, ಮುಗಿಯಿತು ಎಂದುಕೊಂಡು
ಗೋಡೆಯ ಮೇಲೆ ಕೈ ಆಡಿಸಿದರೆ ಮೂರೇ ಕಾಳು.
ಅನುಮಾನ ಬಂತು ತಲೆಯ ಮೇಲೆ, ಕಾಲಿನ ಮೇಲಲ್ಲ.
ಸುತ್ತಿದೆ. ಮತ್ತೆ ಮೂರು.
ಸುತ್ತಿದೆ. ಎರಡು!
ಸಾಲ ತೀರಿಸಿದಷ್ಟೂ ಅಸಲು ಬೆಳೆಯುವ ಲೆಕ್ಕ.
ಅಷ್ಟರಲ್ಲಿ ಡೈರಿ ಕಡೆಯಿಂದ ಬೆಳಕು ಹರಿಯಿತು,
ಜಬೀನಾ ಪೊರಕೆ ಹಿಡಿದು ಬಂದವಳು
"ಏನಕ್ಕಾ, ಇವತ್ ನಿಲ್ತಾನೇ ಇಲ್ಲ?" ಎಂದಳು,
ಅವಳ ಸೀಬೆಮರದ ಕೊಂಬೆಯಲ್ಲಿ ಅಳಿಲು,
ಎರಡೂ ಕೈಯಲ್ಲಿ ನನ್ನ ಒಂದು ಸುತ್ತನ್ನು ಹಿಡಿದು
ಕಟಕಟ ಕಡಿಯುತ್ತಿತ್ತು.

ಕುಕ್ಕರು ತಡ, ಡಬ್ಬಿ ತಡ.
ಬಸ್ಸು ಸ್ಟಾಪು ಬಿಟ್ಟು ಹೊರಟಾಗಿತ್ತು.
ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ.
ನಲವತ್ತೇಳರ ಹೆಂಗಸು, ನಡುರಸ್ತೆಯಲ್ಲಿ,
ಚಪ್ಪಲಿ ಕೈಯಲ್ಲಿ.
ಪಿ.ಯು.ಸಿ. ಆದಮೇಲೆ ಓಡಿದ್ದು ಅದೇ ಮೊದಲು.
ಹಿಂದಿನ ಬಾಗಿಲು ಸಿಕ್ಕಿತು.
"ಎಲ್ಲಿಗಮ್ಮ?" ಎಂದ ಕಂಡಕ್ಟರು.
"ಡಿ.ಸಿ. ಆಫೀಸು" ಎಂದೆ,
ನಡುವೆ ಒಂದು ಉಸಿರೂ ಬೇಡವಾಯಿತು.
ಅವನು ಚಿಲ್ಲರೆ ಕೊಟ್ಟು ಮುಂದೆ ಹೋದ,
ನಾನು ಕಂಬಿ ಹಿಡಿದು ಇನ್ನೊಮ್ಮೆ ಮೆಲ್ಲಗೆ
ಡಿ.ಸಿ. ಆಫೀಸು, ಡಿ.ಸಿ. ಆಫೀಸು ಎಂದು ಹೇಳಿ ನೋಡಿದೆ.

ಸಕ್ಕರೆ ಇಳಿದದ್ದು ನಾಲ್ಕೇ ಪಾಯಿಂಟು.
ರಾತ್ರಿ ಅತ್ತೆ ಡಬ್ಬಿ ಅಲ್ಲಾಡಿಸಿ ಕೇಳಿದರು:
"ಕಾಳು ಯಾಕೇ ಇಷ್ಟ್ ಬೇಗ ಖಾಲಿ ಆಯ್ತಾ ಅದೆ?"
ಅಳಿಲು ತಿಂತು ಅಂದೆ.
ನಂಬಲಿಲ್ಲ.