ಗಡಸು ನೀರು

ನಮ್ಮೂರ ನೀರಿಗೆ ಎಲುವು ಅದಾವ.
ನಂಬಿಕಿ ಇಲ್ಲಂದ್ರ ಬಾಗಲಕೋಟಿಗೆ ಬರ್ರಿ,
ವಿದ್ಯಾಗಿರ್ಯಾಗ, ಹಿಟ್ಟಿನ ಗಿರಣಿ ಬಾಜೂಕ ನನ್ನ ಅಂಗಡಿ.
ಗೀಜರಿನ ಹೊಟ್ಟಿ ಬಿಚ್ಚಿ ತೋರಸ್ತೀನಿ:
ಕಾಯಿಲ್ ಸುರುಳಿ ಮ್ಯಾಲ ಬೆರಳ ದಪ್ಪ ಸುಣ್ಣ,
ಸ್ಕ್ರೂಡ್ರೈವರ್ ತುದೀಲೆ ಕೆತ್ತಿದ್ರ
ಬಳಪದಂಗ ಚೂರ ಚೂರ ಬೀಳತೈತಿ.
ದಿನಕ್ಕ ನಾಕು, ಚಳಿಗಾಲದಾಗ ಹತ್ತು.
ಈ ನೀರಿಗೆ ಬೈಯದವ್ರು ಯಾರದಾರ?
ಬ್ಯಾಳಿ ಬೇಯಂಗಿಲ್ಲ, ಸಬಕಾರ ನೊರಿ ಬಿಡಂಗಿಲ್ಲ,
ನಮ್ಮ ಮಾವಗ ಮೂತ್ರದಾಗ ಹರಳು.
ನಾನೂ ಬೈತೀನಿ, ಗಿರಾಕಿ ಮುಂದ.
ಅವ್ರು ಹೋದ ಮ್ಯಾಲ ಕೈ ಮುಗೀತೀನಿ.

ಹುಬ್ಬಳ್ಳಿಗೆ ಥರ್ಮೋಸ್ಟಾಟ್ ತರಾಕ ಹೋದವ
ಹತ್ತು ಸೀಗಡಿ ತಗೊಂಡು ಬಂದ್ನಿ.
ಉಗುರಿನಷ್ಟ ಉದ್ದ,
ಒಣ ಮೆಣಸಿನಕಾಯಿ ಸಿಪ್ಪಿ ಬಣ್ಣ.
ಬಸ್ಸಿನಾಗ ಪ್ಲಾಸ್ಟಿಕ್ ಚೀಲ ತೊಡಿ ಮ್ಯಾಲ.
ಕಂಡಕ್ಟರ್ ಬಗ್ಗಿ ನೋಡಿ ಅಂದ:
"ಇಷ್ಟಕ್ಕ ಸಾರು ಆಗ್ತೈತೇನೋ ತಮ್ಮಾ?"
"ತಿನ್ನಾಕಲ್ರಿ, ನೋಡಾಕ."
ಕುಳಗೇರಿ ಕ್ರಾಸ್ ತನಕ ನಕ್ಕ.

ಮನ್ಯಾಗ ಅವ್ವ ನಗಲಿಲ್ಲ.
"ಲಿಂಗ ಕಟ್ಟಿದವ್ರ ಮನ್ಯಾಗ ಸೀಗಡಿ!"
ಗಾಜಿನ ಪೆಟಗಿ ಟಿವಿ ಬಾಜೂಕ ಇಟ್ರ
ಅದಕ್ಕ ಟವೆಲ್ ಹೊಚ್ಚಿದ್ಲು,
ಬಂದವ್ರ ಕಣ್ಣಿಗೆ ಬೀಳಬಾರ್ದಂತ.

ಮೂರನೇ ದಿನ ಟವೆಲಿನ ಒಂದು ಮೂಲಿ ಎದ್ದಿತ್ತು.
ನಾ ಕುದಿಸಿದ ಪಾಲಕದ ಎಲಿ ಬಿಟ್ಟಿದ್ನಿ,
ಹತ್ತೂ ಅದರ ಸುತ್ತ, ಸೂಜಿಯಂಥಾ ಕೈಲೆ
ಹರದು ಬಾಯಿಗೆ, ಹರದು ಬಾಯಿಗೆ,
ದಾಸೋಹದ ಪಂಕ್ತಿಗೆ ಕುಂತವರಂಗ, ಮಾತಿಲ್ಲ.
"ಅಯ್ಯ, ಪಲ್ಲೆ ತಿಂತಾವಲ್ಲೋ," ಅಂದ್ಲು ಅವ್ವ,
ಟವೆಲ್ ಮಡಿಚಿ ಹೆಗಲಿಗೆ ಹಾಕ್ಕೊಂಡ್ಲು.

ಒಂದು ಮುಂಜಾನಿ ಚೀರಿದ್ಲು,
"ಮುರಿಗೆಪ್ಪಾ, ಒಂದು ಸತ್ತೈತಿ!"
ತಳದ ಉಸುಕಿನ ಮ್ಯಾಲ
ಮೀಸಿ, ಕಾಲು, ಬಾಲ, ಕಣ್ಣಿನ ಗುಳಿ ಸೈತ
ಎಲ್ಲಾ ಇತ್ತು, ಒಳಗ ಯಾರೂ ಇರಲಿಲ್ಲ.
"ಸತ್ತಿಲ್ಲಬೇ. ಅಂಗಿ ಕಳದೈತಿ."
ಎಣಿಸಿದ್ವಿ. ಒಂಬತ್ತು.
ಮತ್ತ ಎಣಿಸಿದ್ವಿ. ಒಂಬತ್ತು.
ಸಂಜೀಕ ಪಾಚಿ ಹಿಂದಿಂದ ಒಂದು ಮೀಸಿ ಅಲ್ಲಾಡ್ತು.
ಹತ್ತು.
ಹೊಸ ಚಿಪ್ಪು ಬಿರುಸಾಗೂ ತನಕ
ಮಾರಿ ತೋರ್ಸಂಗಿಲ್ಲ ಅವು ಯಾರಿಗೂ.
ಅವ್ವ ಗಾಜಿಗೆ ಮೂಗು ಹಚ್ಚಿ ಆ ಪೊರಿ ನೋಡಿದ್ಲು,
ಇಳಕಲ್ಲಿನ ಮಗ್ಗದ ಸಪ್ಪಳದಾಗ ಬೆಳದಾಕಿ:
"ಬಣ್ಣ ತಾ ಇಟ್ಕೊಂಡು
ಬರೇ ನೇಯ್ಗಿ ಬಿಟ್ಟು ಹೋಗ್ಯಾಳ ನೋಡು."

ಚಿಪ್ಪಿಗೆ ಸುಣ್ಣ ಬೇಕಬೇ, ಅದಕ್ಕ
ನಮ್ಮ ಬೋರಿನ ನೀರು ಅವಕ್ಕ ಬೇಷ, ಅಂದ್ನಿ.
ಚಂಚಿ ಬಿಚ್ಚಿ ಬೆರಳ ತುದೀಲೆ ಸುಣ್ಣ ತಗದ್ಲು,
"ಇಷ್ಟು ಬಿಡಲೇನು?"
ಓಡಿ ಹೋಗಿ ಕೈ ಹಿಡದ್ನಿ.

ಆಮ್ಯಾಲ ಬಾಳ ಹೊತ್ತು ಸುಮ್ಮನ ಕುಂತ್ಲು,
ಮಣಕಾಲು ತಿಕ್ಕೋತ.
"ಅರವತ್ತೆಂಟು ವರ್ಷ ಈ ಸೀಮಿ ನೀರು ಕುಡದೇನಿ.
ಡಾಕ್ಟರ್ ಅಂತಾನ, ಎಲುವಿನ್ಯಾಗ ಸುಣ್ಣ ಇಲ್ಲ.
ಗೀಜರಿಗೆ ಹತ್ತತೈತಿ, ಹುಳಕ್ಕ ಹತ್ತತೈತಿ,
ನನಗ್ಯಾಕ ಹತ್ತವಲ್ದೋ?"

ನನಗ ಉತ್ತರ ತಿಳೀಲಿಲ್ಲ.
ನಾ ಗೀಜರ್ ರಿಪೇರಿಯವ.

ಮಾವನ ಹರಳು ಕಂಡ ಮ್ಯಾಲ
ಅಡಗಿ ಮನ್ಯಾಗ ಆರ್‌ಓ ಬಂದು ಕುಂತೈತಿ.
ಹಿತ್ತಲದ ಒಂದು ನಳ ಹಂಗ ಬಿಟ್ಟೀನಿ, ಇವಕ್ಕಂತ.
ರಾತ್ರಿ ಸುಣ್ಣದ ಗುಳಿಗಿ ನುಂಗೂ ಹೊತ್ತಿಗೆ
ಅವ್ವ ಆರ್‌ಓ ಗ್ಲಾಸು ಒಲ್ಲೆ ಅಂತಾಳ,
ಹಿತ್ತಲ ನಳದ ನೀರ ಹಿಡ್ಕೊಂಡು ಬಂದು
ಪೆಟಗಿ ಮುಂದ ಕುರ್ಚಿ ಎಳೀತಾಳ.
ಹೊಟ್ಟಿ ಅಡಿ ತತ್ತಿ ಹೊತ್ತಾಕಿ
ಕಾಲೀಲೆ ಗಾಳಿ ಹಾಕೂದು ನೋಡ್ಕೋತ ಎಣಸ್ತಾಳ,
ಮರಿ, ಮರಿಯ ಮರಿ,
ಎಳ್ಳಿನಷ್ಟು ಇದ್ದದ್ದು, ಇಲ್ಲದ್ದು.
ಹದಿನೇಳಕ್ಕ ಲೆಕ್ಕ ತಪ್ಪತೈತಿ.
ಗುಳಿಗಿ ಕೈಯಾಗ ಹಂಗ ಐತಿ.
ಮತ್ತ ಒಂದರಿಂದ ಸುರು.